ಆಕಿಯ 60,000 ಕೂದಲು

2001ರ ಜುಲೈ 11ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ 'ಫೈನಲ್ ಫ್ಯಾಂಟಸಿ: ದ ಸ್ಪಿರಿಟ್ಸ್ ವಿದಿನ್' ಎಂಬ ವೈಜ್ಞಾನಿಕ ಕಥಾಚಿತ್ರ ಬಿಡುಗಡೆಯಾಯಿತು. ಕಥಾನಾಯಕಿ ಡಾ. ಆಕಿ ರಾಸ್ ಒಬ್ಬ ವಿಜ್ಞಾನಿ. ಆಕೆ ಓಡುತ್ತಾಳೆ, ಅಳುತ್ತಾಳೆ, ತೂಕವಿಲ್ಲದ ಸ್ಥಿತಿಯಲ್ಲಿ ಆಕೆಯ ಕೂದಲು ತೇಲುತ್ತದೆ. ಆದರೆ ಕ್ಯಾಮೆರಾದ ಮುಂದೆ ನಿಂತು ಆ ಪಾತ್ರಕ್ಕೆ ಮುಖ ಕೊಟ್ಟ ನಟಿ ಯಾರೂ ಇಲ್ಲ. ಚಿತ್ರದಲ್ಲಿರುವ ಒಂದು ಮುಖ, ಒಂದು ಗೋಡೆ, ಒಂದು ಹಿಡಿ ಮಣ್ಣು ಕೂಡ ನಿಜವಾದುದಲ್ಲ. ಎಲ್ಲವೂ ಗಣಕದಲ್ಲಿ ಲೆಕ್ಕ ಹಾಕಿ ಮೂಡಿಸಿದ ಬಿಂಬಗಳು.

ನಿಜ ಮನುಷ್ಯರಂತೆಯೇ ಕಾಣುವ ಪಾತ್ರಗಳನ್ನು ಪೂರ್ಣವಾಗಿ ಗಣಕದಲ್ಲೇ ಸೃಷ್ಟಿಸಿ ಕಥಾಚಿತ್ರವೊಂದನ್ನು ನಡೆಸಿಕೊಂಡು ಹೋಗಲು ಹೊರಟ ಮೊದಲ ದೊಡ್ಡ ಪ್ರಯತ್ನ ಇದು. ಇದರ ಮೂಲ ಒಂದು ವಿಡಿಯೋ ಗೇಮ್ ಸರಣಿ. ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 13.7 ಕೋಟಿ ಡಾಲರ್. ವಿಶ್ವದಾದ್ಯಂತ ಟಿಕೆಟ್ ಮಾರಾಟದಿಂದ ಬಂದದ್ದು ಸುಮಾರು 8.5 ಕೋಟಿ ಡಾಲರ್. ಅದರಲ್ಲೂ ಚಿತ್ರಮಂದಿರದವರ ಪಾಲು ಕಳೆಯಬೇಕು. ಕೆಲವೇ ತಿಂಗಳುಗಳಲ್ಲಿ ಚಿತ್ರ ನಿರ್ಮಿಸಿದ ಸ್ಟುಡಿಯೊ ಬಾಗಿಲು ಮುಚ್ಚುವ ಹಾದಿ ಹಿಡಿಯಿತು.

ಸೋತ ಚಿತ್ರವೊಂದರ ಬಗ್ಗೆ ಎರಡು ದಶಕಗಳು ಕಳೆದ ಮೇಲೆ ಏಕೆ ಮಾತು ಎಂದು ನೀವು ಕೇಳಬಹುದು. ಚಂದಕವಾಡಿಯಲ್ಲಿ ಕುಳಿತು ಇದನ್ನು ಬರೆಯುವವನಿಗೂ ಆ ಪ್ರಶ್ನೆ ಬಂದಿದೆ. ಸತ್ತ ನಟರು ತೆರೆಯ ಮೇಲೆ ಮತ್ತೆ ನಡೆದಾಡುವ, ಇಲ್ಲದ ಮುಖಗಳು ಮೊಬೈಲಿನಲ್ಲಿ ನಕ್ಕು ಮಾತಾಡುವ ಕಾಲ ಇದು. ಆ ದಾರಿಯಲ್ಲಿ ಮೊದಲು ನಡೆದು ಮುಗ್ಗರಿಸಿದವರು ಎಲ್ಲಿ ಮುಗ್ಗರಿಸಿದರು ಎಂಬುದನ್ನು ಭೌತವಿಜ್ಞಾನದ ಭಾಷೆಯಲ್ಲಿ ಸಾಕಷ್ಟು ನಿಖರವಾಗಿ ಹೇಳಬಹುದು. ಇಂಥ ಅವಕಾಶ ಚಲನಚಿತ್ರ ಇತಿಹಾಸದಲ್ಲಿ ಅಪರೂಪ.

ಚುಕ್ಕಿಗಳಿಂದ ಶುರು

ಜಪಾನಿನ ಸ್ಕ್ವೇರ್ ಕಂಪನಿ 1987ರ ಡಿಸೆಂಬರಿನಲ್ಲಿ 'ಫೈನಲ್ ಫ್ಯಾಂಟಸಿ' ಎಂಬ ಆಟವನ್ನು ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರತಂದಿತು. ಅದನ್ನು ರೂಪಿಸಿದವರು ಹಿರೊನೊಬು ಸಕಗುಚಿ. ಆಗ ಅವರಿಗಿನ್ನೂ 25 ವರ್ಷ. ಕಂಪನಿ ಕಷ್ಟದಲ್ಲಿತ್ತು, ಇದೇ ತಮ್ಮ ಕೊನೆಯ ಆಟ ಎಂದುಕೊಂಡು ಸಕಗುಚಿ 'ಫೈನಲ್' ಎಂಬ ಹೆಸರಿಟ್ಟರು ಎಂಬ ಕಥೆ ಬಹಳ ಪ್ರಸಿದ್ಧ. ಆದರೆ ಅವರೇ ಮುಂದೆ ಹೇಳಿದ ಪ್ರಕಾರ ಅವರಿಗೆ ಬೇಕಾಗಿದ್ದದ್ದು 'ಎಫ್ ಎಫ್' ಎಂದು ಚುಟುಕಾಗಿ ಕರೆಯಬಹುದಾದ ಒಂದು ಹೆಸರು, ಅಷ್ಟೆ. ಒಳ್ಳೆಯ ಕಥೆಗಳು ನಿಜಕ್ಕಿಂತ ಬೇಗ ಹರಡುತ್ತವೆ.

ಆ ಆಟದಲ್ಲಿ ನಕ್ಷೆಯ ಮೇಲೆ ನಡೆದಾಡುವ ವೀರ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕದೊಳಗೆ ಇರಬೇಕಾಗಿತ್ತು. ಒಟ್ಟು 256 ಚುಕ್ಕಿಗಳು. ಮನೆಯ ಮುಂದೆ ಹಬ್ಬಕ್ಕೆ ಬಿಡಿಸುವ ದೊಡ್ಡ ರಂಗೋಲಿಗೂ ಇಷ್ಟು ಚುಕ್ಕಿ ಇಡುವವರಿದ್ದಾರೆ. ಇಷ್ಟರಲ್ಲೇ ಕಣ್ಣು, ಕತ್ತಿ, ತಲೆಗೂದಲು ಎಲ್ಲ ಬರಬೇಕು. ಆಟಗಾರನ ಕಲ್ಪನೆ ಉಳಿದುದನ್ನು ತುಂಬಿಕೊಳ್ಳುತ್ತಿತ್ತು.

ಹತ್ತು ವರ್ಷಗಳ ನಂತರ, 1997ರಲ್ಲಿ, ಸರಣಿಯ ಏಳನೆಯ ಆಟ ಸೋನಿಯ ಪ್ಲೇಸ್ಟೇಷನ್‌ಗೆ ಮೂರು ಸಿ.ಡಿ.ಗಳಲ್ಲಿ ಬಂದಿತು. ಆಟದ ನಡುನಡುವೆ ಮೊದಲೇ ತಯಾರಿಸಿಟ್ಟ ಗಣಕ ಚಿತ್ರಿಕೆಯ ದೃಶ್ಯಗಳು ಬರುತ್ತಿದ್ದವು. ಅವು ಚಿಕ್ಕ ಸಿನಿಮಾಗಳಂತೆಯೇ ಇದ್ದವು. ಆಟ ಲಕ್ಷಗಟ್ಟಲೆ ಮಾರಾಟವಾಯಿತು. ಇಂಥ ದೃಶ್ಯಗಳನ್ನೇ ಎರಡು ಗಂಟೆ ಹಿಗ್ಗಿಸಿದರೆ ಏನು ಎಂಬ ಯೋಚನೆ ಸಕಗುಚಿಯವರಿಗೆ ಬಂದದ್ದು ಸಹಜ. ಸ್ಕ್ವೇರ್ ಕಂಪನಿ ಹವಾಯಿಯ ಹೊನೊಲುಲುವಿನಲ್ಲಿ ಸ್ಕ್ವೇರ್ ಪಿಕ್ಚರ್ಸ್ ಎಂಬ ಸ್ಟುಡಿಯೊ ತೆರೆಯಿತು. ಜಪಾನ್ ಮತ್ತು ಹಾಲಿವುಡ್ಡಿನ ನಡುವೆ, ಶಾಂತ ಸಾಗರದ ನಟ್ಟನಡುವೆ. ಹಲವು ದೇಶಗಳಿಂದ ಬಂದ ಸುಮಾರು 200 ಜನ ಕಲಾವಿದರು, ಪ್ರೋಗ್ರಾಮರುಗಳು ನಾಲ್ಕು ವರ್ಷ ದುಡಿದರು. ಹಂಚಿಕೆಯ ಹೊಣೆ ಕೊಲಂಬಿಯಾ ಪಿಕ್ಚರ್ಸ್ ಸಂಸ್ಥೆಯದು.

ಕಥೆಯನ್ನು ಚುಟುಕಾಗಿ ಹೇಳುವುದಾದರೆ ಹೀಗೆ. ಕಾಲ 2065. ಉಲ್ಕೆಯೊಂದರ ಜೊತೆ ಬಂದ ಪಾರದರ್ಶಕ ಪ್ರೇತಗಳು ಭೂಮಿಯನ್ನು ಆಕ್ರಮಿಸಿವೆ. ಅವು ಮುಟ್ಟಿದರೆ ಪ್ರಾಣ ಹೋಗುತ್ತದೆ. ಉಳಿದ ಜನ ವಿದ್ಯುತ್ ತಡೆಗಳೊಳಗಿನ ನಗರಗಳಲ್ಲಿ ಬದುಕಿದ್ದಾರೆ. ಆಕಾಶದಿಂದ ಭಾರೀ ಫಿರಂಗಿ ಹಾರಿಸಿ ಮುಗಿಸಿಬಿಡೋಣ ಎನ್ನುತ್ತಾನೆ ಸೇನಾಪತಿ. ಆಕಿ ಮತ್ತು ಆಕೆಯ ಗುರು ಡಾ. ಸಿಡ್ ಎಂಟು ಜೀವಚೈತನ್ಯಗಳನ್ನು ಒಟ್ಟುಗೂಡಿಸಿ ಪ್ರೇತಗಳನ್ನು ಶಮನ ಮಾಡಬಹುದು ಎಂದು ವಾದಿಸುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ ಆ ಪ್ರೇತಗಳು ದಾಳಿಕೋರರೇ ಅಲ್ಲ. ಯುದ್ಧದಲ್ಲಿ ಸಿಡಿದುಹೋದ ಯಾವುದೋ ಗ್ರಹದ ಜೀವಿಗಳ ದಿಕ್ಕೆಟ್ಟ ಆತ್ಮಗಳು ಅವು.

ಆಟವಾಡಿ ಬಂದವರಿಗೆ ಇದು ರುಚಿಸಲಿಲ್ಲ. ಅವರಿಗೆ ಗೊತ್ತಿದ್ದ ಲೋಕ, ಮಂತ್ರ, ಕತ್ತಿ, ಹಳದಿ ಹಕ್ಕಿ ಯಾವುದೂ ಇಲ್ಲ. ಯಾವುದೇ ಒಂದು ಆಟದ ಕಥೆಯನ್ನೂ ತೆಗೆದುಕೊಂಡಿರಲಿಲ್ಲ. ಸಿಡ್ ಎಂಬ ಹೆಸರು ಮತ್ತು ಭೂಮಿಗೊಂದು ಜೀವಚೈತನ್ಯ ಇದೆ ಎಂಬ ಭಾವನೆ, ಇಷ್ಟೇ ಆಟಗಳಿಂದ ಬಂದದ್ದು. ಆಟ ಆಡದವರಿಗೆ ಕಥೆ ಗೊಂದಲವೆನಿಸಿತು. ನನ್ನ ಅಭಿಪ್ರಾಯದಲ್ಲಿ ಚಿತ್ರ ಸೋಲಲು ಅರ್ಧ ಕಾರಣ ಇಲ್ಲೇ ಇದೆ, ಚರ್ಮದ ಬಣ್ಣದಲ್ಲಲ್ಲ. ಆದರೂ ಕಥೆಯ ಒಳಗೊಂದು ನಿಜವಾದ ನೋವು ಇತ್ತು. ಸಕಗುಚಿಯವರ ತಾಯಿ ಅಪಘಾತವೊಂದರಲ್ಲಿ ತೀರಿಕೊಂಡಿದ್ದರು. ಸತ್ತವರ ಚೈತನ್ಯ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅವರ ಆಟಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ತಾಯಿಯ ಹೆಸರು ಆಕಿ. ಅದೇ ಹೆಸರನ್ನು ಕಥಾನಾಯಕಿಗೆ ಇಟ್ಟರು. ನಮ್ಮ ಧಾರವಾಡದ ಕಡೆಯವರು 'ಆಕಿ' ಎಂದರೆ 'ಅವಳು' ಎಂದರ್ಥ. ಮುಖ ಯಾರದ್ದೂ ಅಲ್ಲದ ನಾಯಕಿಗೆ ಇದು ಒಪ್ಪುವ ಹೆಸರೇ!

ಒಂದಿಷ್ಟು ಲೆಕ್ಕ ಮಾಡೋಣ

ಚಿತ್ರದಲ್ಲಿ 1,41,964 ಚೌಕಟ್ಟುಗಳಿದ್ದವು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡುತ್ತದೆ ಎಂಬುದು ನಿಮಗೆ ಗೊತ್ತು. ಭಾಗಿಸಿದರೆ ಸುಮಾರು 98 ಮಿನಿಟು 35 ಸೆಕೆಂಡು. ಚಿತ್ರದ ಒಟ್ಟು ಅವಧಿ 106 ಮಿನಿಟು. ಉಳಿದ ಏಳು ಮಿನಿಟುಗಳಲ್ಲಿ ಬಹುಪಾಲು ದುಡಿದವರ ಹೆಸರಿನ ಪಟ್ಟಿಯೇ ಇರಬೇಕು.

ಒಂದು ಚೌಕಟ್ಟನ್ನು ಮೂಡಿಸಲು ಗಣಕಕ್ಕೆ ಸರಾಸರಿ 90 ಮಿನಿಟು ಹಿಡಿಯುತ್ತಿತ್ತು. ಅಂದರೆ ಇಡೀ ಚಿತ್ರಕ್ಕೆ ಸುಮಾರು 2,13,000 ಗಣಕ-ಗಂಟೆ. ಒಂದೇ ಗಣಕಕ್ಕೆ ಈ ಕೆಲಸ ಒಪ್ಪಿಸಿದ್ದರೆ ಹಗಲೂ ರಾತ್ರಿ ದುಡಿದು 24 ವರ್ಷಗಳಲ್ಲಿ ಮುಗಿಸುತ್ತಿತ್ತು. ಹೊನೊಲುಲುವಿನಲ್ಲಿ ಪೆಂಟಿಯಮ್-3 ಸಂಸ್ಕಾರಕದ 960 ಗಣಕಗಳ ದಂಡು ಇತ್ತು. ಎಲ್ಲವೂ ಒಟ್ಟಿಗೆ ದುಡಿದರೆ ಒಂಬತ್ತು ದಿನ ಚಿಲ್ಲರೆ ಸಾಕು. ಹಾಗಾದರೆ ನಾಲ್ಕು ವರ್ಷ ಏಕಾಯಿತು? ಚಿತ್ರಕಾರನಿಗೂ ಬಣ್ಣ ಬಳಿಯಲು ಹಿಡಿಯುವ ಹೊತ್ತು ಕಡಿಮೆಯೇ. ಯೋಚಿಸಿ, ಬರೆದು, ಅಳಿಸಿ, ಮತ್ತೆ ಬರೆಯುವುದಕ್ಕೆ ಕಾಲ ಬೇಕು. ಒಂದೊಂದು ದೃಶ್ಯವನ್ನೂ ಪದರ ಪದರವಾಗಿ ಹಲವು ಬಾರಿ ಮೂಡಿಸಿ ನೋಡಬೇಕಾಗಿತ್ತು. ಇಡೀ ತಂಡದ ದುಡಿಮೆಯನ್ನು ಒಟ್ಟು ಸೇರಿಸಿದರೆ 120 ಮಾನವ-ವರ್ಷಗಳಾಗುತ್ತವೆ ಎಂದು ಆಗ ಲೆಕ್ಕ ಹೇಳಿದ್ದರು. ಯಂತ್ರದ ನಟಿ ಎಂದು ಜಾಹೀರಾದದ್ದು ವಾಸ್ತವದಲ್ಲಿ ಮನುಷ್ಯರ ಕೈಕೆಲಸ.

ಸಂಗ್ರಹವಾದ ದತ್ತಾಂಶ ಸುಮಾರು 15 ಟೆರಾಬೈಟ್. ಆಗ ಅದಕ್ಕೆ ಯಂತ್ರಗಳ ಒಂದು ಕೋಣೆಯೇ ಬೇಕಿತ್ತು. ಈಗ ಅಷ್ಟನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ತುಂಬಬಹುದು.

ಇನ್ನು ಕೂದಲಿನ ವಿಚಾರ. ಆಕಿಯ ತಲೆಯ ಮೇಲೆ ಸುಮಾರು 60,000 ಕೂದಲೆಳೆಗಳು. ನಿಮ್ಮ ತಲೆಯಲ್ಲಿರುವುದು ಇದಕ್ಕಿಂತ ಹೆಚ್ಚು, ಹೆಚ್ಚುಕಡಿಮೆ ಒಂದು ಲಕ್ಷ. ಆದರೆ ನಿಮ್ಮ ಕೂದಲಿಗೆ ಗಾಳಿ ಬೀಸಿದಾಗ ಏನು ಮಾಡಬೇಕೆಂದು ಯಾರೂ ಲೆಕ್ಕ ಹಾಕಿ ಹೇಳಬೇಕಾಗಿಲ್ಲ. ಆಕಿಯ ಪ್ರತಿ ಎಳೆಯೂ ತಲೆ ತಿರುಗಿದಾಗ ಎಷ್ಟು ಬಾಗಬೇಕು, ಪಕ್ಕದ ಎಳೆಯ ಮೇಲೆ ಎಷ್ಟು ನೆರಳು ಬೀಳಿಸಬೇಕು ಎಂಬುದನ್ನು ಗಣಿತ ನಿರ್ಧರಿಸಬೇಕಿತ್ತು. ಬಿಂಬ ಮೂಡಿಸುವ ಒಟ್ಟು ಕಾಲದಲ್ಲಿ ಐದನೇ ಒಂದು ಪಾಲು ಆಕಿಯ ಕೂದಲಿಗೇ ಹೋಯಿತು ಎಂದು ತಂಡದವರು ಹೇಳಿಕೊಂಡಿದ್ದರು. ಆಟದ ವೀರನ ಇಡೀ ಶರೀರಕ್ಕೆ 256 ಚುಕ್ಕಿ, ಸಿನಿಮಾದ ನಾಯಕಿಯ ಕೂದಲಿಗೇ 60,000 ಎಳೆ. ಎರಡರ ನಡುವೆ 14 ವರ್ಷಗಳು.

ಆಟಕ್ಕೂ ಸಿನಿಮಾಕ್ಕೂ ಇನ್ನೊಂದು ವ್ಯತ್ಯಾಸವಿದೆ. ಆಟದಲ್ಲಿ ಯಂತ್ರವು ಒಂದು ಬಿಂಬವನ್ನು ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಮುಗಿಸಿಬಿಡಬೇಕು, ಏಕೆಂದರೆ ಆಟಗಾರ ಗುಂಡಿ ಒತ್ತಿ ಕಾಯುತ್ತಿರುತ್ತಾನೆ. ಸಿನಿಮಾದಲ್ಲಿ 90 ಮಿನಿಟು ತೆಗೆದುಕೊಂಡರೂ ಕೇಳುವವರಿಲ್ಲ. ಅಂದರೆ 1,62,000 ಪಟ್ಟು ಬಿಡುವು. ಇಷ್ಟು ಬಿಡುವು ಇದ್ದೂ ಮುಖ ಮುಖದಂತೆ ಕಾಣಲಿಲ್ಲವಲ್ಲ, ಅದಕ್ಕೇನು ಕಾರಣ?

ಕರಿಕಲ್ಲು ಮತ್ತು ರೇಷ್ಮೆಗೂಡು

ಉತ್ತರ ಹುಡುಕಲು ನಮ್ಮ ಚಾಮರಾಜನಗರ ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. ಇಲ್ಲಿ ಎರಡು ವಸ್ತುಗಳು ಹೇರಳ. ಒಂದು, ಗಣಿಗಳಿಂದ ತೆಗೆದು ಹೊಳಪು ಕೊಟ್ಟು ದೂರದೇಶಗಳಿಗೂ ಕಳಿಸುವ ಕರಿಕಲ್ಲು. ಇನ್ನೊಂದು, ಚಂದ್ರಿಕೆಗಳಲ್ಲಿ ಬೆಳೆಯುವ ರೇಷ್ಮೆಗೂಡು.

ಹೊಳಪು ಕೊಟ್ಟ ಕರಿಕಲ್ಲಿನ ಮೇಲೆ ಬೆಳಕು ಬಿದ್ದರೆ ಒಂದು ಪಾಲು ಮೇಲ್ಮೈಯಿಂದಲೇ ಪುಟಿಯುತ್ತದೆ. ಒಳಹೊಕ್ಕದ್ದು ಹೀರಿಹೋಗುತ್ತದೆ. ಹಾಗಾಗಿ ಕಲ್ಲಿನ ಚಿತ್ರವನ್ನು ಲೆಕ್ಕ ಹಾಕುವುದು ಸುಲಭ: ಬೆಳಕು ಯಾವ ಬಿಂದುವಿಗೆ ಬಿತ್ತೋ ಅದೇ ಬಿಂದುವಿನಿಂದ ಹೊರಟಿತು ಎಂದುಕೊಂಡರೆ ಸಾಕು. ಗಣಕ ಚಿತ್ರಿಕೆ ಹುಟ್ಟಿದಾಗಿನಿಂದ ಇದೇ ಸೂತ್ರ ನಡೆದು ಬಂದಿತ್ತು. ಲೋಹ, ಗಾಜು, ಪ್ಲಾಸ್ಟಿಕ್ ಇವೆಲ್ಲ ಇದರಿಂದ ಚೆನ್ನಾಗಿಯೇ ಮೂಡುತ್ತಿದ್ದವು. 1995ರಲ್ಲಿ ಪಿಕ್ಸಾರ್ ಸಂಸ್ಥೆ ಪೂರ್ಣಾವಧಿಯ ಮೊದಲ ಗಣಕ ಚಿತ್ರಿಕೆಯ ಸಿನಿಮಾ ಮಾಡಿದಾಗ ಆಟಿಕೆಗಳ ಕಥೆಯನ್ನೇ ಆರಿಸಿಕೊಂಡದ್ದು ಜಾಣತನ. 'ಟಾಯ್ ಸ್ಟೋರಿ'ಯ ಗೊಂಬೆಗಳು ಪ್ಲಾಸ್ಟಿಕ್ಕಿನಂತೆ ಕಂಡರೆ ಯಾರೂ ದೂರುವುದಿಲ್ಲ, ಅವು ಪ್ಲಾಸ್ಟಿಕ್ಕಿನವೇ! ಅದೇ ಚಿತ್ರದ ಹುಡುಗನ ಮುಖವನ್ನು ಈಗ ನೋಡಿದರೆ ಅದೂ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ.

ಈಗ ಒಂದು ರೇಷ್ಮೆಗೂಡನ್ನು ದೀಪಕ್ಕೆ ಅಡ್ಡ ಹಿಡಿಯಿರಿ. ಗೂಡು ತಾನೇ ಬೆಳಗಿದಂತೆ ಕಾಣುತ್ತದೆ. ಒಳಗಿನ ಕೋಶದ ನೆರಳೂ ಮಸುಕಾಗಿ ತೋರಬಹುದು. ಬೆಳಕು ಒಂದು ಕಡೆ ಒಳಹೊಕ್ಕು, ಎಳೆಗಳ ನಡುವೆ ಅಲೆದಾಡಿ, ಬೇರೆಲ್ಲೋ ಹೊರಬರುತ್ತಿದೆ. ಹಾಲು, ಮೇಣ, ಹಾಲುಗಲ್ಲು, ಎಳೆಯ ಬಾಳೆಎಲೆ ಎಲ್ಲ ಹೀಗೆಯೇ. ಮನುಷ್ಯನ ಚರ್ಮವೂ ಇದೇ ಗುಂಪಿನದು. ಕತ್ತಲಲ್ಲಿ ಟಾರ್ಚನ್ನು ಬೆರಳುಗಳ ಹಿಂದೆ ಹಿಡಿದು ನೋಡಿ. ಬೆರಳಿನ ಅಂಚು ಕೆಂಪಗೆ ಹೊಳೆಯುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ. ಕೆಂಪು ಬೆಳಕು ಚರ್ಮದೊಳಗೆ ಹೆಚ್ಚು ದೂರ ಸಾಗುತ್ತದೆ. ಮೂಗಿನ ನೆರಳು ಕೆನ್ನೆಯ ಮೇಲೆ ಬಿದ್ದಾಗ ಅದರ ಅಂಚು ಕತ್ತರಿಸಿದಂತೆ ಇರುವುದಿಲ್ಲ, ಕೊಂಚ ಕೆಂಪಾಗಿ ಮೆತ್ತಗಿರುತ್ತದೆ. ನಾವು ಇದನ್ನು ಎಂದೂ ಗಮನಿಸಿ ನೋಡುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಏನೋ ಸರಿಯಿಲ್ಲ ಎಂದು ಕಣ್ಣು ತಕ್ಷಣ ಹೇಳುತ್ತದೆ.

ಹೊನೊಲುಲುವಿನ ಕಲಾವಿದರು ಆಕಿಯ ಚರ್ಮವನ್ನು ಎಷ್ಟು ಶ್ರದ್ಧೆಯಿಂದ ಬಿಡಿಸಿದರೂ ಅದು ಬಹುಮಟ್ಟಿಗೆ ಮೇಲ್ಮೈಯ ಚಿತ್ರವಾಗಿಯೇ ಉಳಿಯಿತು. ಬಹಳ ನುಣುಪಾದ ಕರಿಕಲ್ಲಿನ ನಿಯಮ ರೇಷ್ಮೆಗೂಡಿಗೆ ಅನ್ವಯಿಸಿದಂತೆ. ಚಿತ್ರ ನೋಡಿದವರಲ್ಲಿ ಅನೇಕರಿಗೆ ಆಕಿಗಿಂತ ಮುದುಕ ಡಾ. ಸಿಡ್ ಹೆಚ್ಚು ನಿಜವೆನಿಸಿದ್ದು ಇದೇ ಕಾರಣಕ್ಕಿರಬೇಕು. ಸುಕ್ಕು, ಕಲೆ, ಗಡ್ಡ ಇವು ಮೇಲ್ಮೈಯಲ್ಲೇ ಕಣ್ಣಿಗೆ ಇಷ್ಟೊಂದು ಕೆಲಸ ಕೊಡುತ್ತವೆ, ಒಳಗಿನ ಬೆಳಕಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ನುಣುಪು ಕೆನ್ನೆಯ ಹುಡುಗಿಗೆ ಆ ಮರೆ ಇಲ್ಲ.

ಇಲ್ಲಿ ಇತಿಹಾಸ ಒಂದು ಕುಚೋದ್ಯ ಮಾಡಿದೆ. ಚಿತ್ರ ಬಿಡುಗಡೆಯಾದ ಮುಂದಿನ ತಿಂಗಳು, 2001ರ ಆಗಸ್ಟಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಗಣಕ ಚಿತ್ರಿಕೆಯ ಸಿಗ್ರಾಫ್ ಸಮ್ಮೇಳನ ನಡೆಯಿತು. ಅಲ್ಲಿ ಹೆನ್ರಿಕ್ ವಾನ್ ಯೆನ್ಸನ್, ಸ್ಟೀಫನ್ ಮಾರ್ಶ್ನರ್, ಮಾರ್ಕ್ ಲೆವಾಯ್ ಮತ್ತು ಪ್ಯಾಟ್ ಹ್ಯಾನ್ರಹನ್ ಒಂದು ಪ್ರಬಂಧ ಮಂಡಿಸಿದರು. ಮೇಲ್ಮೈಯ ಕೆಳಗೆ ಬೆಳಕು ಚದರುವುದನ್ನು ಸಿನಿಮಾದ ಕೆಲಸಕ್ಕೆ ಒಗ್ಗುವಷ್ಟು ಕಡಿಮೆ ಲೆಕ್ಕದಲ್ಲಿ ಹಿಡಿಯುವ ವಿಧಾನ ಅದರಲ್ಲಿತ್ತು. ಒಂದೊಂದು ಬೆಳಕಿನ ಕಣದ ಅಲೆದಾಟವನ್ನೂ ಬೆನ್ನಟ್ಟುವ ಬದಲು, ಒಳಹೊಕ್ಕ ಜಾಗದ ಕೆಳಗೆ ಒಂದು ಮತ್ತು ಮೇಲೆ ಒಂದು, ಹೀಗೆ ಎರಡು ಕಾಲ್ಪನಿಕ ಬೆಳಕಿನ ಮೂಲಗಳನ್ನು ಇಟ್ಟು ಉತ್ತರವನ್ನು ಅಂದಾಜು ಮಾಡುವುದು ಅದರ ಉಪಾಯ. ಈ ಉಪಾಯ ಬಂದದ್ದು ಸಿನಿಮಾದಿಂದಲ್ಲ, ವೈದ್ಯಕೀಯ ಭೌತವಿಜ್ಞಾನದಿಂದ. ದೇಹದ ಅಂಗಾಂಶದಲ್ಲಿ ಬೆಳಕು ಹೇಗೆ ಹರಡುತ್ತದೆ ಎಂದು ತಿಳಿಯಲು 1990ರ ದಶಕದ ಆರಂಭದಲ್ಲೇ ಸಂಶೋಧಕರು ಇಂಥ ಸೂತ್ರ ಬಳಸಿದ್ದರು. ಆಸ್ಪತ್ರೆಯ ಜ್ಞಾನ ಚಿತ್ರಮಂದಿರಕ್ಕೆ ಬರಲು ಹತ್ತು ವರ್ಷ ಹಿಡಿಯಿತು.

ಇನ್ನೂ ಒಂದು ವಿಷಯವಿದೆ. ಆಕಿಯ ಚಿತ್ರವನ್ನು ಮೂಡಿಸಿದ್ದು ಪಿಕ್ಸಾರ್‌ನ 'ರೆಂಡರ್‌ಮ್ಯಾನ್' ತಂತ್ರಾಂಶದಿಂದ. ಆ ತಂತ್ರಾಂಶದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ್ದವರು ಇದೇ ಹ್ಯಾನ್ರಹನ್. ಬೀಗ ಮಾಡಿದವನೇ ಕೀಲಿಯನ್ನೂ ತಂದುಕೊಟ್ಟ, ಆದರೆ ಒಂದು ತಿಂಗಳು ತಡವಾಗಿ. ಅದೇ ಸಮ್ಮೇಳನದಲ್ಲಿ ಎನ್‌ವಿಡಿಯಾ ಕಂಪನಿ ಮತ್ತು ಸ್ಕ್ವೇರ್ ಸೇರಿ ಆಕಿಯ ದೃಶ್ಯವೊಂದನ್ನು, ಗುಣಮಟ್ಟ ಇಳಿಸಿ, ಸೆಕೆಂಡಿಗೆ ಕೆಲವೇ ಚೌಕಟ್ಟುಗಳ ವೇಗದಲ್ಲಿ ನೇರವಾಗಿ ಮೂಡಿಸಿಯೂ ತೋರಿಸಿದವು.

ಮುಂದಿನ ವರ್ಷ, 2002ರ ಡಿಸೆಂಬರಿನಲ್ಲಿ, 'ದ ಲಾರ್ಡ್ ಆಫ್ ದ ರಿಂಗ್ಸ್' ಸರಣಿಯ ಎರಡನೆಯ ಚಿತ್ರ ಬಂದಿತು. ಅದರ ಗೊಲಮ್ ಎಂಬ ಬಡಕಲು ಜೀವಿಯ ಚರ್ಮಕ್ಕೆ ಈ ಒಳಬೆಳಕು ಸಿಕ್ಕಿತ್ತು. ಜನ ಅವನನ್ನು ನಂಬಿದರು. 2004ರಲ್ಲಿ ಅಮೆರಿಕದ ಆಸ್ಕರ್ ಅಕಾಡೆಮಿ ಯೆನ್ಸನ್, ಮಾರ್ಶ್ನರ್, ಹ್ಯಾನ್ರಹನ್ ಅವರಿಗೆ ತಾಂತ್ರಿಕ ಪ್ರಶಸ್ತಿ ನೀಡಿತು. ಮುಂದೆ ಹ್ಯಾನ್ರಹನ್‌ಗೆ, ಪಿಕ್ಸಾರ್‌ನ ಎಡ್ ಕ್ಯಾಟ್ಮಲ್ ಜೊತೆಗೆ, 2019ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿಯೂ ಬಂದಿತು.

ಕಸಿವಿಸಿಯ ಕಣಿವೆ

ಚರ್ಮದ ಬೆಳಕೊಂದು ಸರಿಹೋಗಿದ್ದರೆ ಚಿತ್ರ ಗೆದ್ದುಬಿಡುತ್ತಿತ್ತೇ? ಹಾಗೆನ್ನಲಾಗದು. ಪಾತ್ರಗಳ ಮೈ ಚಲನೆಯನ್ನು ನಿಜವಾದ ಕಲಾವಿದರಿಂದ ಪಡೆದಿದ್ದರು. ದೇಹಕ್ಕೆ ಗುರುತುಗಳನ್ನು ಅಂಟಿಸಿಕೊಂಡು ಅವರು ನಡೆದಾಡಿದರೆ ಸುತ್ತಲಿನ ಕ್ಯಾಮೆರಾಗಳು ಆ ಗುರುತುಗಳ ಜಾಡನ್ನು ದಾಖಲಿಸುತ್ತವೆ. ಮುಖಕ್ಕೆ ಮಾತ್ರ ಈ ವಿಧಾನ ಬಳಸಲಿಲ್ಲ. ತುಟಿ, ಹುಬ್ಬು, ಕಣ್ಣುಗಳ ಚಲನೆಯನ್ನು ಚಿತ್ರಿಕೆಕಾರರು ಕೈಯಿಂದಲೇ ರೂಪಿಸಿದರು. ಫಲವಾಗಿ ಮೈ ಒಬ್ಬರದು, ಮುಖ ಇನ್ನೊಬ್ಬರದು, ಧ್ವನಿ ಮತ್ತೊಬ್ಬರದು. ಆಕಿಗೆ ಧ್ವನಿ ನೀಡಿದವರು ನಟಿ ಮಿಂಗ್-ನಾ ವೆನ್, ಸಿಡ್‌ಗೆ ಡೊನಾಲ್ಡ್ ಸದರ್ಲೆಂಡ್. ಮೂರೂ ಒಂದೇ ಜೀವದಿಂದ ಬಂದಂತೆ ತೋರಬೇಕಾದರೆ ಅವು ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು.

ಜಪಾನಿನ ರೋಬಾಟ್ ವಿಜ್ಞಾನಿ ಮಸಾಹಿರೊ ಮೊರಿ 1970ರಲ್ಲೇ ಒಂದು ಚಿಕ್ಕ ಲೇಖನ ಬರೆದಿದ್ದರು. ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಮಮತೆ ಹೆಚ್ಚುತ್ತದೆ. ಆದರೆ ಹೋಲಿಕೆ ಇನ್ನೇನು ಪೂರ್ಣವಾಯಿತು ಎನ್ನುವಾಗ ಮಮತೆ ಥಟ್ಟನೆ ಕುಸಿದು ಒಂದು ಬಗೆಯ ಭೀತಿ ಹುಟ್ಟುತ್ತದೆ, ಹೋಲಿಕೆ ಪೂರ್ಣವಾದಾಗ ಮತ್ತೆ ಮೇಲೇರುತ್ತದೆ ಎಂಬುದು ಅವರ ವಾದ. ಈ ಕುಸಿತವನ್ನು ಕನ್ನಡದಲ್ಲಿ ಕಸಿವಿಸಿಯ ಕಣಿವೆ ಎನ್ನೋಣ. ತೊಗಲುಗೊಂಬೆಯ ರಾವಣನಿಗೆ ಒಂದೇ ಕಣ್ಣು ಕಾಣುತ್ತದೆ, ಮೈಯೆಲ್ಲ ತೂತು, ಕೈಗೆ ಕಡ್ಡಿ. ಆದರೂ ಪರದೆಯ ಮುಂದೆ ಕುಳಿತ ಮಗು ಅವನನ್ನು ನಂಬುತ್ತದೆ, ಏಕೆಂದರೆ ಅವನು ಮನುಷ್ಯನೆಂದು ಹೇಳಿಕೊಳ್ಳುವುದಿಲ್ಲ. ಆಕಿ ಹೇಳಿಕೊಂಡಳು.

ಮೊರಿಯವರ ಮಾತು ಹತ್ತಾರು ವರ್ಷ ರೋಬಾಟ್ ತಜ್ಞರ ವಲಯದಲ್ಲೇ ಉಳಿದಿತ್ತು. ಅದು ಸಿನಿಮಾ ವಿಮರ್ಶೆಯ ಮಾತಾಗಲು ಈ ಚಿತ್ರ ಮತ್ತು ಇದರ ನಂತರ ಬಂದ ಕೆಲವು ಚಿತ್ರಗಳು ಕಾರಣ. ಅಂದಹಾಗೆ ಎಲ್ಲರೂ ಆಕಿಯನ್ನು ತಿರಸ್ಕರಿಸಲಿಲ್ಲ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಮೂರೂವರೆ ನಕ್ಷತ್ರ ಕೊಟ್ಟು ಮೆಚ್ಚಿದರು.

ಸ್ಕ್ವೇರ್ ಕಂಪನಿಯ ಆಸೆ ಒಂದು ಚಿತ್ರಕ್ಕೆ ಸೀಮಿತವಾಗಿರಲಿಲ್ಲ. ಆಕಿಯನ್ನು ಒಬ್ಬ ನಟಿಯಂತೆ ಬೇರೆ ಬೇರೆ ಚಿತ್ರಗಳಲ್ಲಿ ಬೇರೆ ಬೇರೆ ಪಾತ್ರಗಳಿಗೆ ಬಳಸುವ ಯೋಜನೆ ಇತ್ತು. ಆಕೆಗೆ ವಯಸ್ಸಾಗುವುದಿಲ್ಲ, ಸಂಭಾವನೆ ಏರಿಸಿ ಕೇಳುವುದಿಲ್ಲ. ಪುರುಷರ ಪತ್ರಿಕೆಯೊಂದು ನಿಜವಾದ ನಟಿಯರ ಸಾಲಿನಲ್ಲಿ ಆಕೆಯ ಚಿತ್ರವನ್ನೂ ಪ್ರಕಟಿಸಿತು. ಹಾಲಿವುಡ್ ನಟರಲ್ಲಿ ಕಳವಳ ಹುಟ್ಟಿತು. ಟಾಮ್ ಹ್ಯಾಂಕ್ಸ್ ತಮ್ಮ ಆತಂಕವನ್ನು ಬಹಿರಂಗವಾಗಿಯೇ ಹೇಳಿದರು. ಮೂರು ವರ್ಷಗಳ ನಂತರ, 2004ರ 'ದ ಪೋಲಾರ್ ಎಕ್ಸ್‌ಪ್ರೆಸ್' ಚಿತ್ರದಲ್ಲಿ ಅವರೇ ಮೈಗೆ ಗುರುತುಗಳನ್ನು ಅಂಟಿಸಿಕೊಂಡು ಹಲವು ಪಾತ್ರಗಳಿಗೆ ಚಲನೆ ಕೊಟ್ಟರು. ಆ ಚಿತ್ರದ ಮಕ್ಕಳ ಕಣ್ಣುಗಳೂ ನಿರ್ಜೀವವಾಗಿವೆ ಎಂದು ವಿಮರ್ಶಕರು ದೂರಿದರು.

ಸ್ಟುಡಿಯೊ ಮುಚ್ಚುವ ಮೊದಲು ಹೊನೊಲುಲು ತಂಡ ಇನ್ನೊಂದು ಕೆಲಸ ಮುಗಿಸಿತು. 'ದ ಮೇಟ್ರಿಕ್ಸ್' ಚಿತ್ರದ ಲೋಕವನ್ನು ಆಧರಿಸಿದ 'ದ ಅನಿಮೇಟ್ರಿಕ್ಸ್' ಕಿರುಚಿತ್ರ ಮಾಲೆಯಲ್ಲಿ, 2003ರಲ್ಲಿ ಬಂದ 'ಫೈನಲ್ ಫ್ಲೈಟ್ ಆಫ್ ದ ಒಸೈರಿಸ್' ಅವರದು. ಹೋಲಿಸಿ ನೋಡಿದರೆ ಮುಖಗಳು ಎಷ್ಟು ಮುಂದೆ ಹೋಗಿವೆ ಎಂದು ತಿಳಿಯುತ್ತದೆ. ಅಷ್ಟು ಹೊತ್ತಿಗೆ ತಂಡ ಚದುರಿತ್ತು. ಆ ಕಿರುಚಿತ್ರದ ನಿರ್ದೇಶಕ ಆ್ಯಂಡಿ ಜೋನ್ಸ್, 'ಸ್ಪಿರಿಟ್ಸ್ ವಿದಿನ್'ನಲ್ಲಿ ಚಿತ್ರಿಕೆಯ ಮುಖ್ಯಸ್ಥರಾಗಿದ್ದವರು. ಮುಂದೆ ಅವರು 2009ರ 'ಅವತಾರ್' ಚಿತ್ರದ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆದ ತಂಡದಲ್ಲಿದ್ದರು, 2016ರ 'ದ ಜಂಗಲ್ ಬುಕ್'ಗಾಗಿ ಮತ್ತೊಮ್ಮೆ ಪಡೆದರು. 'ಅವತಾರ್'ನಲ್ಲಿ ನಟರ ತಲೆಗೆ ಚಿಕ್ಕ ಕ್ಯಾಮೆರಾ ಕಟ್ಟಿ ಮುಖದ ಅತಿಸಣ್ಣ ಚಲನೆಯನ್ನೂ ಹಿಡಿಯಲಾಯಿತು. ಆಕಿಯ ಮುಖಕ್ಕೆ ದೊರೆಯದೇ ಹೋದದ್ದು ಇದು. ಸಕಗುಚಿ ಸ್ಕ್ವೇರ್ ಬಿಟ್ಟು 2004ರಲ್ಲಿ ಮಿಸ್ಟ್‌ವಾಕರ್ ಎಂಬ ಸ್ವಂತ ಆಟದ ಕಂಪನಿ ಕಟ್ಟಿದರು. ಸ್ಕ್ವೇರ್ ತನ್ನ ಪ್ರತಿಸ್ಪರ್ಧಿ ಎನಿಕ್ಸ್ ಜೊತೆ 2003ರಲ್ಲಿ ಒಂದಾಯಿತು.

ನಮ್ಮ ಪರದೆಯ ಮೇಲೆ

ಹೊನೊಲುಲು ದೂರ, ಚೆನ್ನೈ ನಮಗೆ ಅಷ್ಟು ದೂರವಲ್ಲ. ಆಕಿಗಿಂತ ಒಂದು ವರ್ಷ ಮೊದಲೇ, 2000ದಲ್ಲಿ, ಚೆನ್ನೈಯ ಪೆಂಟಾಫೋರ್ ಸಂಸ್ಥೆ 'ಸಿಂಬಾದ್: ಬಿಯಾಂಡ್ ದ ವೇಲ್ ಆಫ್ ಮಿಸ್ಟ್ಸ್' ಎಂಬ ಪೂರ್ಣಾವಧಿ ಚಿತ್ರವನ್ನು ಮುಖ್ಯವಾಗಿ ಚಲನೆ ದಾಖಲಿಸುವ ವಿಧಾನದಿಂದಲೇ ನಿರ್ಮಿಸಿತ್ತು. ಅದೇ ವರ್ಷ ಪಾಂಡವರ ಕಥೆಯ ಗಣಕ ಚಿತ್ರಿಕೆಯೂ ಅದೇ ಸಂಸ್ಥೆಯಿಂದ ಬಂದಿತು. ಗಣಕ ಚಿತ್ರಿಕೆಯ ಇತಿಹಾಸ ಬರೆಯುವವರು ಈ ಎರಡನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ ಎಂದು ನನ್ನ ಭಾವನೆ. ಅವುಗಳ ಮುಖಗಳು ಇನ್ನೂ ಗೊಂಬೆಯಂತಿದ್ದವು ಎಂಬುದು ನಿಜ. ಆದರೆ ಅವು ಆಕಿಯಂತೆ ದೊಡ್ಡ ಪ್ರತಿಜ್ಞೆಯನ್ನೇನೂ ಮಾಡಿರಲಿಲ್ಲ.

ಕನ್ನಡದಲ್ಲಿ ಆ ಪ್ರತಿಜ್ಞೆ ಮಾಡಿದ್ದು 2016ರ ಅಕ್ಟೋಬರಿನಲ್ಲಿ ತೆರೆಕಂಡ 'ನಾಗರಹಾವು'. ಕೋಡಿ ರಾಮಕೃಷ್ಣ ನಿರ್ದೇಶಿಸಿದ ಈ ಚಿತ್ರದ ಕೊನೆಯ ಭಾಗದಲ್ಲಿ ವಿಷ್ಣುವರ್ಧನ್ ಕಾಣಿಸಿಕೊಳ್ಳುತ್ತಾರೆ. ಅವರು ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಬೇರೊಬ್ಬ ಕಲಾವಿದನ ದೇಹದ ಮೇಲೆ ಗಣಕದಲ್ಲಿ ನಿರ್ಮಿಸಿದ ವಿಷ್ಣುವರ್ಧನ್ ಮುಖವನ್ನು ಹೊಂದಿಸಲಾಗಿತ್ತು. ಆ ಕೆಲಸ ಮಾಡಿದ್ದು ಹೈದರಾಬಾದಿನ ಮಕುಟ ಸಂಸ್ಥೆ. ಹೆಸರಿನ ಆಯ್ಕೆಯೂ ಆಕಸ್ಮಿಕವಲ್ಲ. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ವಿಷ್ಣುವರ್ಧನ್ ಅವರನ್ನು ರಾಮಾಚಾರಿಯಾಗಿ ಮನೆಮಾತು ಮಾಡಿದ ಚಿತ್ರ.

ಎರಡು ಪ್ರಯತ್ನಗಳ ತಾಂತ್ರಿಕ ಸವಾಲು ಒಂದೇ ಅಲ್ಲ ಎಂಬುದನ್ನು ನೀವು ಗಮನಿಸಬೇಕು.

ಆಕಿಯ ಮುಖ ಯಾರದ್ದೂ ಅಲ್ಲ. ಆಕೆ ಹೀಗಿಲ್ಲ ಎಂದು ಸಾಕ್ಷಿ ಹೇಳುವವರಿಲ್ಲ. ಆಕೆ ಮನುಷ್ಯಳಂತೆ ಕಂಡರೆ ಸಾಕಿತ್ತು. ವಿಷ್ಣುವರ್ಧನ್ ಮುಖವನ್ನು ಮೂವತ್ತೇಳು ವರ್ಷ ನೋಡಿದ ಜನ ಚಿತ್ರಮಂದಿರದಲ್ಲಿ ಕುಳಿತಿದ್ದರು. ಕೈಯ ಕಡಗ ತಿರುಗಿಸುವ ರೀತಿ, ಹುಬ್ಬು ಏರಿಸುವ ರೀತಿ ಅವರಿಗೆ ಕಂಠಪಾಠ. ಮುಂದೆ ನಿಲ್ಲಿಸಿ ಅಳತೆ ತೆಗೆಯಲು ನಟ ಇಲ್ಲ. ಹಳೆಯ ಚಿತ್ರಗಳೇ ಆಧಾರ. ಅವುಗಳಲ್ಲಿ ಬೆಳಕು ಒಂದೊಂದು ಕಡೆಯಿಂದ ಬಿದ್ದಿರುತ್ತದೆ, ವಯಸ್ಸು ಬೇರೆ ಬೇರೆ ಇರುತ್ತದೆ. ತಂತ್ರಾಂಶ 2001ಕ್ಕಿಂತ ಬಹಳ ಮುಂದುವರಿದಿತ್ತು, ಚರ್ಮದ ಒಳಬೆಳಕು ಆ ಹೊತ್ತಿಗೆ ಸಾಮಾನ್ಯ ಸಾಧನವಾಗಿತ್ತು. ಆದರೂ ಕೆಲವು ನೋಟಗಳಲ್ಲಿ ಕಣಿವೆ ಬಾಯ್ತೆರೆಯುತ್ತದೆ. ಹಾಗೆಂದು ಅದನ್ನು ಅಣಕಿಸುವುದು ಸರಿಯಲ್ಲ. ಹಾಲಿವುಡ್ ಚಿತ್ರಕ್ಕೆ ದೊರೆಯುವ ಹಣದ ಸಣ್ಣ ಪಾಲಿನಲ್ಲಿ ಮಾಡಿದ ಕೆಲಸ ಅದು.

ಒಪ್ಪಿಗೆಯ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಆಕಿಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಒಬ್ಬ ನಿಜ ನಟನ ಮುಖ ಅವನ ನಂತರ ಯಾರ ಸ್ವತ್ತು? 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಇದೂ ಒಂದು. ಕೊನೆಗೆ ಆದ ಒಪ್ಪಂದದಲ್ಲಿ ನಟನ ಗಣಕ ಪ್ರತಿರೂಪ ಮಾಡಲು ಅವನ ಒಪ್ಪಿಗೆ ಮತ್ತು ಸಂಭಾವನೆ ಬೇಕು ಎಂಬ ಷರತ್ತು ಸೇರಿತು. ಟಾಮ್ ಹ್ಯಾಂಕ್ಸ್ ಆತಂಕ ವ್ಯಕ್ತಪಡಿಸಿ ಆಗಲೇ 22 ವರ್ಷಗಳಾಗಿದ್ದವು.

ಈಗ ಇದೆಲ್ಲ ಕೋಟಿಗಟ್ಟಲೆ ಹಣದ ವ್ಯವಹಾರವಾಗಿಯೇ ಉಳಿದಿಲ್ಲ. 'ಬ್ಲೆಂಡರ್' ಎಂಬ ಚಿತ್ರಿಕೆಯ ತಂತ್ರಾಂಶವನ್ನು ಅದರ ಬಳಕೆದಾರರೇ ವಂತಿಗೆ ಕೂಡಿಸಿ 1,00,000 ಯೂರೊ ಕೊಟ್ಟು ಬಿಡಿಸಿಕೊಂಡು 2002ರ ಅಕ್ಟೋಬರಿನಲ್ಲಿ ಮುಕ್ತಗೊಳಿಸಿದರು. ಆಕಿಯ ಸ್ಟುಡಿಯೊ ಮುಳುಗಿದ ವರ್ಷವೇ ಇದು. ಸಾಧಾರಣ ಗಣಕವೊಂದಿದ್ದರೆ ಚಂದಕವಾಡಿಯ ಹೈಸ್ಕೂಲು ಹುಡುಗಿಯೂ ಇದನ್ನು ಪುಕ್ಕಟೆ ಇಳಿಸಿಕೊಂಡು ಗೋಳವೊಂದಕ್ಕೆ ಕೂದಲು ಬೆಳೆಸಬಹುದು, ಅದನ್ನು ಕರಿಕಲ್ಲು ಮಾಡಬಹುದು, ಒಂದು ಸಂಖ್ಯೆ ಬದಲಾಯಿಸಿ ರೇಷ್ಮೆಗೂಡು ಮಾಡಬಹುದು. ಆ ಸಂಖ್ಯೆಯ ಹಿಂದೆ ಇರುವುದು 2001ರ ಆಗಸ್ಟಿನ ಆ ಪ್ರಬಂಧದಿಂದ ಬೆಳೆದು ಬಂದ ಗಣಿತ.

'ಸ್ಪಿರಿಟ್ಸ್ ವಿದಿನ್' ಸಿಕ್ಕಿದರೆ ಒಮ್ಮೆ ನೋಡಿ. ಕಥೆಯನ್ನು ಬೇಕಾದರೆ ಅರ್ಧ ಕಿವಿಯಲ್ಲಿ ಕೇಳಿ. ಪಾತ್ರಗಳ ಹಿಂದಿನಿಂದ ಬೆಳಕು ಬರುವ ದೃಶ್ಯ ಬಂದಾಗ ಚಿತ್ರವನ್ನು ನಿಲ್ಲಿಸಿ ಕಿವಿಯ ಅಂಚನ್ನು, ಮೂಗಿನ ಹೊಳ್ಳೆಯನ್ನು ಗಮನಿಸಿ. ಆಮೇಲೆ ಬಿಸಿಲಿಗೆ ಬೆನ್ನು ಮಾಡಿ ನಿಂತ ನಿಮ್ಮ ತಂಗಿಯ ಕಿವಿಯನ್ನು ನೋಡಿ.